ಅರಳಿ ಕೊಂಬೆಯ ಕೆಳಗಿನ ಎರಡು ಮೊಳ

ಮಾನ್ಯ ಜಿಲ್ಲಾ ಮ್ಯಾಜಿಸ್ಟ್ರೇಟರೇ,

ಸರ್ಕಾರಿ ರಸ್ತೆ ಅಗೆದ ಅಪರಾಧಕ್ಕೆ ನಮ್ಮೂರಿನ ಇಬ್ಬರು ಮುದುಕರು ನಿಮ್ಮ ಜೈಲಿನಲ್ಲಿದ್ದಾರೆ. ಒಬ್ಬ ಕುಂಬಾರ ಬಿಂದೇಸರಿ, ಇನ್ನೊಬ್ಬ ತಾಬೂತು ಕಟ್ಟುವ ನಬ್ಬನ್ ಮಿಯಾ. ಅವರನ್ನು ಒಳಗೆ ಹಾಕಿದ್ದು ನಿಮ್ಮ ಆಜ್ಞೆ. ಆ ಆಜ್ಞೆಯನ್ನು ಬೇಡಿ ಪಡೆದವನು ನಾನು. ಹಾಗಾಗಿ ನಿಮ್ಮನ್ನು ದೂರುವ ಹಕ್ಕು ನನಗೆ ಅರ್ಧ ಮಾತ್ರ ಇದೆ.

ನಮ್ಮ ಚೌಕದ ಅರಳಿಮರದ ಕೊಂಬೆಯೊಂದು ರಸ್ತೆಗೆ ಅಡ್ಡ ಚಾಚಿದೆ. ಮೊಹರಮ್ಮಿನ ಹತ್ತನೆಯ ದಿನ ಬಿದಿರು-ಕಾಗದದ ಗೋಪುರದಂಥ ತಾಬೂತು ಮೆರವಣಿಗೆಯಲ್ಲಿ ಅದರಡಿಯೇ ಹಾಯಬೇಕು. ಕೊಂಬೆ ಕಡಿಯಲು ಹಿಂದೂಗಳು ಒಪ್ಪರು, ತಾಬೂತು ಬಾಗಿಸಲು ಮುಸಲ್ಮಾನರು ಒಪ್ಪರು. ನಮ್ಮ ಅಜ್ಜಂದಿರು ಇದನ್ನು ಗುದ್ದಲಿಯಿಂದ ಬಗೆಹರಿಸಿದ್ದರು. ಹಿಂದಿನ ದಿನ ಕೊಂಬೆಯ ಕೆಳಗಿನ ನೆಲವನ್ನೇ ಎರಡು ಮೊಳ ಇಳಿಜಾರಾಗಿ ಕುಂಬಾರರು ಅಗೆಯುವುದು, ಮೆರವಣಿಗೆ ದಾಟಿದ ಮೇಲೆ ತಾಬೂತಿನವರು ಮುಚ್ಚುವುದು.

"ವರ್ಷಾ ವರ್ಷಾ ಎತ್ತರ ಮಾಡ್ತೀಯಲ್ಲೋ ನಬ್ಬನ್, ಮುಂದಿನ್ ಸಲ ಬಾವೀನೇ ತೋಡಿಸ್ತೀಯೇನೋ?" ಎಂದು ಬಿಂದೇಸರಿ ಛೇಡಿಸುವನು.

"ನಿನ್ನ ಮರ ಕೆಳಕ್ಕೆ ಬೆಳೀತಿದ್ರೆ ನಾನೇನ್ ಮಾಡ್ಲೋ? ಬಾಯ್ ಮುಚ್ಚಿ ಅಗಿ!"

ಆಮೇಲೆ ಊರಿನ ಓದಿದವರೆಲ್ಲ ಸೇರಿ ಹಿಂದೂ-ಮುಸ್ಲಿಂ ಐಕ್ಯ ಸಮಿತಿ ಕಟ್ಟಿದೆವು. ಸ್ವಯಮಾಡಳಿತ ಬಂದರೆ ಯಾರಿಗೆ ಎಷ್ಟು ಸ್ಥಾನ, ಯಾರ ಮತ ಯಾರಿಗೆ ಎಂದು ಹತ್ತೊಂಬತ್ತು ಸಲಹೆಗಳನ್ನು ನಿಮಗೆ ಕಳಿಸಿದೆವು. ಮೊದಲನೆಯದು: ಈ ದೇಶವನ್ನು ನಾವೇ ಆಳಿಕೊಳ್ಳಲು ಸಮರ್ಥರಿದ್ದೇವೆ. ಕೊನೆಯದು: ಚೌಕದಲ್ಲಿ ತಾಬೂತು ಎಷ್ಟೆತ್ತರ ಇರಬೇಕೆಂದು ಮ್ಯಾಜಿಸ್ಟ್ರೇಟರು ದಯಮಾಡಿ ತೀರ್ಮಾನಿಸಬೇಕು. ಎರಡೂ ನನ್ನದೇ ಕೈಬರಹ. ಮಣ್ಣು ಅಗೆಯುವುದು ನಮಗೆ ಗಮಾರರ ರೂಢಿಯಾಗಿ ಕಂಡಿತ್ತು. ನೀವು ಎಷ್ಟು ನಕ್ಕಿರೋ! ಮೊದಲನೆಯದು ಇಂದಿಗೂ ನಿಮ್ಮ ಪರಿಶೀಲನೆಯಲ್ಲಿದೆ. ಕೊನೆಯದು ಮಾತ್ರ ಮೂರೇ ದಿನದಲ್ಲಿ ಮಂಜೂರಾಯಿತು: ತಾಬೂತು ಒಂಬತ್ತೇ ಅಡಿ, ರಸ್ತೆ ಮುಟ್ಟಿದರೆ ಸೆರೆ, ಜೊತೆಗೆ ಲಾಠಿ ಹಿಡಿದ ಪೊಲೀಸರು. ಪೊಲೀಸರನ್ನು ಕಂಡದ್ದೇ ತಡ, ಏನೋ ನಡೆಯಲಿದೆಯೆಂದು ಎರಡೂ ಕಡೆಯವರು ಬಾಗಿಲು ಹಾಕಿಕೊಂಡರು. ಇದಕ್ಕೆ ಶಾಂತಿ ಪಾಲನೆ ಎಂದು ಹೆಸರಿಟ್ಟಿರಲ್ಲ, ನಿಮ್ಮ ನಿಘಂಟು ಯಾವುದು ಸ್ವಾಮಿ?

ಆ ಇಬ್ಬರಿಗೂ ನಿಮ್ಮ ಆಜ್ಞೆ ಓದಲು ಬರುವುದಿಲ್ಲ. ಒಂಬತ್ತನೆಯ ದಿನ ಬೆಳಿಗ್ಗೆ ವಾಡಿಕೆಯಂತೆ ಗುದ್ದಲಿ ಹಿಡಿದು ಬಂದರು, ಅಗೆಯುತ್ತಿದ್ದಾಗಲೇ ಪೊಲೀಸರು ಹಿಡಿದರು. ನಿಮ್ಮ ನ್ಯಾಯಾಲಯದಲ್ಲಿ ನೀವು ನನ್ನನ್ನು ಕೇಳಿದಿರಿ, ಇವರು ಗೊತ್ತೇ ಎಂದು. ಸಮಿತಿಗೆ ಕೆಟ್ಟ ಹೆಸರು ಬಂದೀತೆಂದು ಹೆದರಿ, "ಗೊತ್ತಿಲ್ಲ ಹುಜೂರ್" ಎಂದೆ.

ಬಿಂದೇಸರಿ ಬಾಯಿ ತೆರೆದ. ನಬ್ಬನ್ ಮಿಯಾ ಅವನ ಕೈ ಅದುಮಿ, "ಸುಮ್ನಿರೋ ಬಿಂದಾ. ವಕೀಲ್ ಸಾಹೇಬ್ರಿಗೆ ಕಣ್ಣು ಮಂಜಾಗಿರ್ಬೇಕು, ಗುರುತು ಸಿಕ್ಕಿಲ್ಲ" ಎಂದ. ಅದು ಅಣಕವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ನಿಜಕ್ಕೂ ನನ್ನ ಮಾನ ಕಾಯುತ್ತಿದ್ದ. ನಾಚಿಕೆಯಿಂದ ಸತ್ತುಹೋದೆ, ಮಾನ್ಯರೇ.

ಅವರನ್ನು ಬಿಡಿ. ಆಜ್ಞೆಯನ್ನು ರದ್ದು ಮಾಡಿ, ಪೊಲೀಸರನ್ನು ಹಿಂದೆ ಕರೆಸಿಕೊಳ್ಳಿ. ಸುಳ್ಳು ಸಾಕ್ಷಿಗೆ ನನ್ನ ಮೇಲೆ ಮೊಕದ್ದಮೆ ಹೂಡಿ, ನಾನು ವಾದ ಮಾಡುವುದಿಲ್ಲ. ನಿಮ್ಮ ಕಡತದಲ್ಲಿ ನನ್ನ ಉತ್ತರವನ್ನು ಹೊಡೆದುಹಾಕಿ, ಇಬ್ಬರನ್ನೂ ನಾನು ಹುಟ್ಟಿದಾಗಿನಿಂದ ಬಲ್ಲೆ ಎಂದು ಬರೆಸಿ. ಬರೆಸಿದ್ದನ್ನು ಅವರಿಗೆ ಓದಿ ಹೇಳಿಸಿ. ನಾನೇ ಹೋಗಿ ಹೇಳಬೇಕಿತ್ತು. ಎರಡು ಸಲ ಜೈಲಿನ ಬಾಗಿಲವರೆಗೂ ಹೋಗಿ ತಿರುಗಿ ಬಂದಿದ್ದೇನೆ.

ಇಂತಿ,
ತನ್ನನ್ನು ತಾನೇ ಆಳಿಕೊಳ್ಳಲಾರದ,
ಕೇದಾರನಾಥ ನಿಗಮ್, ವಕೀಲ
ಕಾರ್ಯದರ್ಶಿ, ಐಕ್ಯ ಸಮಿತಿ