ಮುಗಿಲಣ್ಣ ಬದುಕಿದ್ದು ಹೇಗೆ

ನೆಟ್ಟಣ
೧೪ ಡಿಸೆಂಬರ್ ೨೦೨೫

ಪ್ರೀತಿಯ ಪೋಕರ್,

ಸಲಾಂ. ನಿನ್ನ ಕದೀಜಮ್ಮನ ತಮ್ಮ ಸಾಹುಲ್ ಹಮೀದ್ ತೀರಿಕೊಂಡ ಸುದ್ದಿ ತಿಳಿದು ಎರಡು ತಿಂಗಳಾಯಿತು. ಆವತ್ತೇ ಬರೆಯಬೇಕಿತ್ತು. ಪೆನ್ನು ಹಿಡಿದರೆ ಅಕ್ಷರ ಬಾರದೆ ಮುಗಿಲಣ್ಣನ ಮೂಗನ್ನೇ ಬಿಡಿಸುತ್ತ ಕೂತೆ. ತಡವಾಯಿತೆಂದು ಬೈಯಬೇಡ.

ಮುಗಿಲಣ್ಣನ ಸಮಾಚಾರವನ್ನೇ ಮೊದಲು ಹೇಳುತ್ತೇನೆ. ನೀನು ಕಥೆ ಬರೆದು, ನಾನು ಚಿತ್ರ ಬಿಡಿಸಿ, ಪುತ್ತೂರಿನ ಮಕ್ಕಳ ಪತ್ರಿಕೆಯಲ್ಲಿ ಹದಿಮೂರು ವರ್ಷ ಹಾರಿಸಿದ ನಮ್ಮ ಚಿತ್ರಕಥೆಯ ಮುಗಿಲಣ್ಣ ೨೦೦೪ರಲ್ಲಿ ಸತ್ತನಷ್ಟೆ? ಸತ್ತವನಿಗೆ ಈಗ ಪುರುಸೊತ್ತೇ ಇಲ್ಲ ಮಾರಾಯ! ಏಳು ವರ್ಷ ಕಳೆದು ಹೊಸ ಸಂಪಾದಕರು ಎಬ್ಬಿಸಿ, ಮಂಜಿನ ಹೊದಿಕೆ ಕಿತ್ತು ಕೆಂಪು ಚಡ್ಡಿ ಹಾಕಿಸಿದರು. ಆಮೇಲಿನವರು ಗಡ್ಡ ಬಿಡಿಸಿ ಸಿಡುಕನನ್ನಾಗಿ ಮಾಡಿದರು. ಕೊರೊನಾ ಬಂದಾಗ ಮೊಬೈಲಿಗೆ ಹೋದ. ಈಗ ತೃಷಾ ಎಂಬ ಹುಡುಗಿ ಅವನನ್ನು ನೋಡಿಕೊಳ್ಳುತ್ತಾಳೆ. ಹಳೆಯ ಮಂಜನ್ನು ವಾಪಸು ಹೊದಿಸಿದ್ದಾಳೆ. ನೋಡಿ ಅತ್ತುಬಿಟ್ಟೆ.

ಮೊನ್ನೆ ಮನೆಗೇ ಬಂದಿದ್ದಳು. "ಸರ್, ಓದುವವರು ಇವತ್ತಿಗೂ ಕೇಳುದು ಒಂದೇ. ರೈಲು ಸೇತುವೆಯಿಂದ ಬಿದ್ದವ ಬದುಕಿದ್ದು ಹೇಗೆ? ಪೋಕರ್ ಸರ್ ಬರೆದದ್ದು ಬಸ್ಸಿನಲ್ಲಿ ಕಳೆದುಹೋಯಿತಂತೆ, ಹೌದಾ?" ನಾನು ಹೂಂ ಎಂದೆ.

ಅಂದಿನಿಂದ ಬೆಳಗಿನ ಜಾವಕ್ಕೆ ಒಂದೇ ಕನಸು. ಮುಗಿಲಣ್ಣ ಬೀಳುತ್ತಲೇ ಇದ್ದಾನೆ, ನಿಧಾನಕ್ಕೆ, ಹತ್ತಿಯ ಹಾಗೆ. ಕೆಳಗೆ ಹೊಳೆಯಿಲ್ಲ, ಬರೀ ಬಿಳಿ. ಆ ಬಿಳಿಯೊಳಗಿಂದ ಸುಬ್ರಹ್ಮಣ್ಯದ ಬಸ್ಸಿನ ಸೀಟಿ ಕೇಳುತ್ತದೆ. ಹೆಗಲಿಗೆ ಕಂಡಕ್ಟರ್ ಚೀಲ ಹಾಕಿಕೊಂಡ ಹಮೀದ್ ಬಾಗಿಲಲ್ಲಿ ನಿಂತು ಕೇಳುತ್ತಾನೆ: "ತ್ಯಾಂಪಣ್ಣ, ಇಳಿಯುದಾ?" ಎಚ್ಚರಾದಾಗ ಕಿಟಕಿಯ ಹೊರಗೂ ಅದೇ ಬಿಳಿ ಇರುತ್ತದೆ.

ಅಂಚೆಯನ್ನು ನಂಬದ ನಾವು ಕಂಡಕ್ಟರನ ಆ ಚೀಲವನ್ನು ನಂಬಿದ್ದೆವು. ಪುತ್ತೂರಿನಿಂದ ನಿನ್ನ ಕಥೆ ಅದರಲ್ಲಿ ಬರುತ್ತಿತ್ತು, ನನ್ನ ಚಿತ್ರ ಅದರಲ್ಲೇ ಪುತ್ತೂರಿಗೆ ಹೋಗುತ್ತಿತ್ತು. ಕೊನೆಯ ಕಂತು ನನಗೆ ತಲುಪಲಿಲ್ಲ ಎಂದು ನಾನು ಹೇಳಿದಾಗ ನೀನು ಅವನನ್ನು ಹಿಗ್ಗಾಮುಗ್ಗಾ ಬೈದೆ. "ಕೈಗೇ ಕೊಟ್ಟದ್ದು ಬಾವ," ಎಂದನಂತೆ. ನೀನು ನಂಬಿದ್ದು ನನ್ನನ್ನು. ಇಪ್ಪತ್ತೊಂದು ವರ್ಷ ಅವನೊಡನೆ ಮಾತು ಬಿಟ್ಟೆ, ಅವನ ಮಗಳ ನಿಕಾಹಿಗೂ ಹೋಗಲಿಲ್ಲ. ಮತ್ತೊಂದು ಕಥೆಯನ್ನೂ ಬರೆಯಲಿಲ್ಲ.

ಕದೀಜಮ್ಮನ ಮನಸ್ಸಿಗೆ ದೇವರು ಸಮಾಧಾನ ಕೊಡಲಿ. ಈಶ್ವರಮಂಗಲದ ನಿನ್ನ ಮನೆ ತುಂಬ ಮೊಮ್ಮಕ್ಕಳ ಗಲಾಟೆ ಇರಲಿ.

ನಿನ್ನ
ತ್ಯಾಂಪಣ್ಣ

ತಾ.ಕ.: ಇದರ ಜೊತೆ ನಿನ್ನ ಅಕ್ಷರದ ಆರು ಹಾಳೆಗಳಿವೆ. ಹಮೀದ್ ಸುಳ್ಳು ಹೇಳಿರಲಿಲ್ಲ. ಮಕ್ಕಳ ಕಾಗದಗಳೆಲ್ಲ ನಿನ್ನ ಹೆಸರಿಗೇ ಬರುತ್ತಿದ್ದವು ಪೋಕರ್. ನನಗೆ ಹೊಟ್ಟೆಕಿಚ್ಚು. ಕೊನೆಯ ಪುಟವಾದರೂ ನನ್ನೊಬ್ಬನದೇ ಆಗಲಿ ಎಂದು ಇವನ್ನು ಬಚ್ಚಿಟ್ಟು, ನಾನೇ ಒಂದು ಕೊನೆ ಬಿಡಿಸಿ ಮುಗಿಲಣ್ಣನನ್ನು ಕೊಂದೆ. ಆರನೆಯ ಹಾಳೆ ನಿನಗೆ ನೆನಪಿರಬೇಕು. ಅದರಲ್ಲಿ ಅವನು ಬೀಳುವುದು ಹೊಳೆಗಲ್ಲ, ದಡದ ರಸ್ತೆಯಲ್ಲಿದ್ದ ಬಸ್ಸಿನ ಮೇಲೆ. ಟಾಪು ಹತ್ತಿ, ಟರ್ಪಾಲು ಬಿಡಿಸಿ ಹಿಡಿಯುವವನು ಕಂಡಕ್ಟರ್ ಹಮೀದ್, ಹೆಸರು ಸಮೇತ. ಮೂಲೆಯಲ್ಲಿ ನೀನು ನನಗೊಂದು ಸೂಚನೆ ಬರೆದಿದ್ದೆ: "ಅವನಿಗೆ ಈಗಲೇ ಹೇಳಬೇಡ. ಅಚ್ಚಾದ ಮೇಲೆ ಅವನೇ ಓದಲಿ."