ಮೂರು ಇಟ್ಟಿಗೆಯ ಒಲೆ

ಚರ್ ಕಲ್ಮಿಪುರ
ಅಘ್ರಾಣ್ ೧೬, ಗುರುವಾರ

ಪ್ರೀತಿಯ ಅಕ್ಕ, ನನ್ನ ಬುಬು,

ನಿನಗೂ ನಿನ್ನ ಯಜಮಾನರು ದುಲಾಭಾಯಿಗೂ ನನ್ನ ಸಲಾಂ, ಮಕ್ಕಳಿಗೆ ಮುದ್ದು. ನಿನ್ನ ಪತ್ರ ಬಂದು ತಿಂಗಳಾಯಿತು, ಬೈಯಬೇಡ. ಭತ್ತ ಬೇಯಿಸಿ ಒಣಗಿಸುವುದರಲ್ಲಿ ಕೈ ಬಿಡುವಾಗಲಿಲ್ಲ ಎನ್ನಬಹುದಿತ್ತು, ಆದರೆ ಅದು ಅರ್ಧ ಮಾತ್ರ ನಿಜ. ಏನು ಬರೆಯಬೇಕೆಂದೇ ತಿಳಿಯಲಿಲ್ಲ. ಐದನೇ ಕ್ಲಾಸಿನವಳ ಬರವಣಿಗೆ, ಹಿಂದುಮುಂದಾಗಿದ್ದರೆ ನೀನೇ ಸರಿಮಾಡಿಕೊಂಡು ಓದು.

ನಮ್ಮ ಅತ್ತೆ ಒಂದು ತಿಂಗಳು ದೊಡ್ಡ ಮಗ ಮೊತಾಲೆಬ್ ಭಾವನ ಒಲೆಯಲ್ಲಿ, ಒಂದು ತಿಂಗಳು ನಮ್ಮ ಒಲೆಯಲ್ಲಿ ಉಣ್ಣುವುದು ನಿನಗೆ ಗೊತ್ತಲ್ಲ. ಕಾರ್ತಿಕದ ಕೊನೆಯಲ್ಲಿ, ಆ ಮನೆಯಲ್ಲಿದ್ದಾಗ, ಅವರ ಕಾಲು ಊದಿಕೊಂಡಿತು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಅಘ್ರಾಣ್ ಒಂದನೇ ತಾರೀಕು ಎಂದಿನಂತೆ ತಟ್ಟೆ, ಲೋಟ, ಜಪಮಾಲೆ ಹಿಡಿದು ಅಂಗಳ ದಾಟಿ ನಮ್ಮಲ್ಲಿಗೆ ಬಂದರು. ಮಾರನೆಯ ದಿನ ನಮ್ಮವರು ಔಷಧಿ ಅಂಗಡಿಯ ಜಬ್ಬಾರ್ ಡಾಕ್ಟರನ್ನು ಕರೆತಂದರು. ಅವನು ಕಾಲನ್ನು ಬೆರಳಿನಿಂದ ಒತ್ತಿದ. ಬಿದ್ದ ಗುಳಿ ಮೇಲೇಳಲೇ ಇಲ್ಲ.

"ಇದು ನನ್ನ ಮಾತ್ರೆಗೆ ಬಗ್ಗೋದಲ್ಲ. ಜಿಲ್ಲಾ ಆಸ್ಪತ್ರೆಗೆ ಕರ್ಕೊಂಡು ಹೋಗಿ, ತಡ ಮಾಡ್ಬೇಡಿ" ಎಂದ. ಪರೀಕ್ಷೆ, ಔಷಧಿ, ಗಾಡಿ ಎಲ್ಲ ಸೇರಿ ನಾಲ್ಕು ಸಾವಿರ ಟಾಕಾ ಆದೀತಂತೆ.

ಕೈಪಂಪಿನ ಹತ್ತಿರ ಮೊತಾಲೆಬ್ ಭಾವನ ಹೆಂಡತಿ ಕೊಹಿನೂರ್ ಭಾಬಿ ಸಿಕ್ಕಿದಳು. "ಈಗ ಯಾರ ಒಲೇಲಿ ಉಣ್ತಾರೋ ಅವ್ರೇ ನೋಡ್ಕೋಬೇಕಮ್ಮ" ಎಂದಳು.

"ಕಾಯಿಲೆ ಶುರುವಾಗಿದ್ದು ನಿಮ್ಮ ತಿಂಗಳಲ್ಲಿ ಅಲ್ವಾ ಭಾಬಿ?"

"ಓಹೋ, ಮೂಗಿಗೂ ಮಾತು ಬಂತು. ಡಾಕ್ಟರು ಬಂದಿದ್ದು ಯಾರ ತಿಂಗಳಲ್ಲಿ?"

ಅವಳು ಹೇಳಿದ್ದೂ ಸರಿ, ನಾನು ಹೇಳಿದ್ದೂ ಸರಿ ಅನ್ನಿಸಿ ನನಗೆ ತಲೆ ಕೆಟ್ಟಿತು. ನಮ್ಮವರು ಮಾತ್ರ "ಅಣ್ಣ ಅರ್ಧ ಹಾಕ್ಲಿ, ಶನಿವಾರಾನೇ ಹೊರಡ್ತೀನಿ" ಎಂದರು. ಭಾವನೂ ಹೂಂ ಅನ್ನುವುದರಲ್ಲಿದ್ದರು.

ಅಷ್ಟರಲ್ಲಿ ಮನೆಮನೆಯ ಲೆಕ್ಕ ಬರೆದುಕೊಳ್ಳಲು ಢಾಕಾದಿಂದ ಇಬ್ಬರು ಹುಡುಗಿಯರು ದೊಡ್ಡ ದೊಡ್ಡ ಹಾಳೆ ಹಿಡಿದು ಬಂದರು, ಒಬ್ಬಳು ಭಾಬಿಯ ಮನೆಗೆ, ಒಬ್ಬಳು ನಮ್ಮ ಮನೆಗೆ. ಈ ಒಲೆಯಲ್ಲಿ ಉಣ್ಣುವವರು ಎಷ್ಟು ಜನ, ಹೋದ ಮೂವತ್ತು ದಿನದಲ್ಲಿ ಯಾರಿಗೆ ಕಾಯಿಲೆಯಾಯಿತು, ಎಲ್ಲಿ ತೋರಿಸಿದಿರಿ, ಎಷ್ಟು ಖರ್ಚಾಯಿತು ಎಂದು ಕೇಳಿದರು. ತಾವು ಬರೆದುಕೊಳ್ಳುವುದಷ್ಟೇ, ಕೊಡುವುದೂ ಇಲ್ಲ ತೆಗೆದುಕೊಳ್ಳುವುದೂ ಇಲ್ಲ ಎಂದರು. ಭಾಬಿ ನಂಬಲಿಲ್ಲ. "ಯಾರ ಹಾಳೇಲಿ ಮುದುಕಿ ಹೆಸರು ಬೀಳುತ್ತೋ ಅವ್ರ ತಲೆಗೇ ಆಸ್ಪತ್ರೆ ಖರ್ಚು ಕಟ್ತಾರೆ, ನೋಡ್ತಿರು" ಎಂದು ನನ್ನ ಕಿವಿಯಲ್ಲಿ ಹೇಳಿಹೋಗಿ, ತನ್ನ ಮನೆಯಲ್ಲಿ ನಾಲ್ಕೇ ಜನ ಎಂದು ಬರೆಸಿದಳು. ನಮ್ಮ ಹಾಳೆಯಲ್ಲೂ ನಾವು ಮೂವರೇ ಬಿದ್ದೆವು. ಕಾಯಿಲೆ ಯಾರಿಗೂ ಇಲ್ಲ, ಖರ್ಚು ಸೊನ್ನೆ. ಅತ್ತೆ ಜಗುಲಿಯ ಚಾಪೆಯ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡರು.

ಮಾರನೆಯ ಬೆಳಿಗ್ಗೆ ಎದ್ದು ನೋಡಿದರೆ ಅವರು ಹಲಸಿನ ಮರದ ಕೆಳಗೆ ಒಲೆ ಹೂಡುತ್ತಿದ್ದಾರೆ. ಮೂರೇ ಇಟ್ಟಿಗೆ. ಒಂದೊಂದು ತಂದಿಟ್ಟಾಗಲೂ ಕೂತು ಉಸಿರು ತೆಗೆದುಕೊಳ್ಳುತ್ತಿದ್ದರು. ಓಡಿಹೋಗಿ "ಏನಮ್ಮಾ ಇದು?" ಎಂದೆ.

"ಆ ಹುಡುಗಿ ಮತ್ತೆ ಬಂದ್ರೆ ಈ ಕಡೆ ಕಳ್ಸು. ಒಲೆ ಒಂದು, ಉಣ್ಣೋಳು ಒಬ್ಳು, ಕಾಯಿಲೆ ಒಂದು. ನನ್ನ ಹಾಳೆ ನಾನೇ ಬರೆಸ್ಕೋತೀನಿ."

ಭಾಬಿಯೇ ಏನೋ ಅಂದು ನೋಯಿಸಿದ್ದಾಳೆ ಎಂದು ನಮ್ಮವರು ಹೋಗಿ ಅಣ್ಣನೊಡನೆ ಜಗಳವಾಡಿ ಬಂದರು. ಈಗ ಅಣ್ಣ ತಮ್ಮಂದಿರಿಗೆ ಮಾತಿಲ್ಲ, ಆಸ್ಪತ್ರೆಯ ಸುದ್ದಿಯೂ ಇಲ್ಲ. ನೀನು ಕೊಟ್ಟ ಮೇಕೆಯನ್ನು ಮಾರಿ ನಾನೇ ಕರೆದುಕೊಂಡು ಹೋಗುತ್ತೇನೆ ಎಂದರೆ ಅತ್ತೆ, "ಬೇರೆ ಮನೆಯವ್ರ ದುಡ್ಡು ನಂಗ್ಯಾಕಮ್ಮ" ಎನ್ನುತ್ತಾರೆ. ಇವತ್ತು ಮುಖವೂ ಊದಿದೆ. ಯಾವುದನ್ನು ಮೊದಲು ಸರಿಮಾಡಬೇಕೋ ತಿಳಿಯುತ್ತಿಲ್ಲ, ಬುಬು.

ಅವರಿಗಾಗಿ ದುವಾ ಮಾಡು. ನಿನ್ನ ಒಲೆ ಎಂದೂ ಆರದಂತೆ ಅಲ್ಲಾಹ್ ಕಾಯಲಿ.

ನಿನ್ನ ತಂಗಿ
ಜೈತುನ್

ಮತ್ತೆ: ಮರೆತು ಬಿಟ್ಟಿದ್ದಲ್ಲ, ಬರೆಯಲು ಕೈ ಬಂದಿರಲಿಲ್ಲ. ಆ ಹುಡುಗಿಯರು ಬಂದ ದಿನ ನಮ್ಮವರು ಸಂತೆಗೆ ಹೋಗಿದ್ದರು. ಮೂವರು ಎಂದವಳು ನಾನು. "ಈ ಅಜ್ಜಿ?" ಎಂದು ಆ ಹುಡುಗಿ ಕೇಳಿದಾಗ, "ಅವ್ರು ಆ ಮನೆಯವ್ರು" ಎಂದು ಅತ್ತೆಯ ಎದುರಿಗೇ ಬೆರಳು ತೋರಿಸಿದೆ. ಸಂಜೆ ನಮ್ಮವರು ಬಂದು, "ಅಮ್ಮನ ಹೆಸ್ರು ಬರೆಸಿದ್ಯಲ್ಲ?" ಎಂದು ಕೇಳಿದರು. ಹೂಂ ಎಂದೆ. ಅತ್ತೆ ಅದನ್ನೂ ಕೇಳಿಸಿಕೊಂಡರು, ಇವತ್ತಿಗೂ ಮಗನಿಗೆ ಹೇಳಿಲ್ಲ.

ಲಕೋಟೆ ಅಂಟಿಸಿಲ್ಲ. ಇದನ್ನು ಅಂಚೆಗೆ ಹಾಕುವವರು ನಮ್ಮವರೇ. ನನ್ನ ಪತ್ರವನ್ನು ಯಾವಾಗಲೂ ಒಮ್ಮೆ ಓದಿಯೇ ಅಂಟಿಸುತ್ತಾರೆ.