ನಾಲ್ಕನೇ ಮಹಿಳೆಯ ಮಾತು

ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಪುಟ್ಟಿಗೆ ಅಕ್ಕನ ಆಶೀರ್ವಾದಗಳು.

ಹೇಗಿದ್ದೀಯಾ? ನಿಮ್ಮ ಅತ್ತೆ ಈಗ ದಿಂಬಿಗೊರಗಿ ಕೂರುತ್ತಾರೆಂದು ಅಮ್ಮ ಹೇಳಿದಳು. ಬರೆಯುವುದಕ್ಕೆ ನಾಲ್ಕು ತಿಂಗಳು ತಡಮಾಡಿದೆ, ಬೈದುಕೋ. ಫೋನಂತೂ ನೀನು ಎತ್ತುವುದಿಲ್ಲ, ಕಾಗದವನ್ನಾದರೂ ಓದುತ್ತೀ ಎಂದು ನಂಬಿದ್ದೇನೆ.

ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ನಮ್ಮ ಸಂಶೋಧನೆಯಿಂದ ಸಮಾಜಕ್ಕೆ ಏನಾಯಿತೆಂದು ಅಳೆಯಲು ಸಂಸ್ಥೆ ಒಂದು ಫಾರಂ ಕೊಟ್ಟಿದೆ. ಎಷ್ಟು ಜನ ಓದಿದರು, ಎಷ್ಟು ಕಡೆ ಉಲ್ಲೇಖಿಸಿದರು, ಯಾವ ಪತ್ರಿಕೆಯಲ್ಲಿ ಬಂತು, ಎಲ್ಲ ತುಂಬಬೇಕು. ಅಂಕಿಅಂಶ ನೋಡುವಾಕೆ ಬೆಳಿಗ್ಗೆ ಬಂದು, "ಮೇಡಂ, ಇಡೀ ವಿಭಾಗದಲ್ಲಿ ನಿಮ್ಮದೇ ಮುಂದೆ. ಆ ಒಂದು ಮಾತನ್ನೇ ಅರವತ್ತೊಂದು ಕಡೆ ಎತ್ಕೊಂಡಿದಾರೆ" ಎಂದಳು.

ಯಾವ ಮಾತೆಂದು ನಿನಗೆ ಗೊತ್ತು. ಮನೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಹೆಂಗಸರ ಬಗೆಗಿನ ನನ್ನ ವರದಿಯಲ್ಲಿ ನೀನು ನಾಲ್ಕನೇ ಮಹಿಳೆ. "ಬಚ್ಚಲಲ್ಲಿ ಬಾಗಿಲು ಹಾಕ್ಕೊಂಡು ಊಟ ಮಾಡ್ತೀನಿ. ಅಲ್ಲಿದ್ದಾಗ ಮಾತ್ರ ನನ್ನ ಯಾರೂ ಕರೆಯಲ್ಲ." ಹೆಸರು ತೆಗೆದೆ, ಊರು ತೆಗೆದೆ, ವಯಸ್ಸು ಬದಲಿಸಿದೆ. ಓದಲು ಚೆನ್ನಾಗಿದೆಯೆಂದು ನೀನು ಬಚ್ಚಲಲ್ಲಿ ಕೂತು ಉಣ್ಣುವ ನೀಲಿ ಸ್ಟೂಲನ್ನು ಮಾತ್ರ ಉಳಿಸಿಕೊಂಡೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ನಿಮ್ಮವರು ಅದನ್ನು ಪತ್ರಿಕೆಯಲ್ಲಿ ಓದಿ, ಸ್ಟೂಲನ್ನು ಹಜಾರದ ನಡುವೆ ತಂದಿಟ್ಟು, "ಇನ್ಮೇಲೆ ಇಲ್ಲೇ ಕೂತು ತಿನ್ನು, ಎಲ್ರೂ ನೋಡ್ಲಿ" ಎಂದರಂತೆ. ಬಚ್ಚಲಿನ ಚಿಲಕವನ್ನೂ ಬಿಚ್ಚಿಸಿದರಂತೆ.

"ಊರಿಗೆ ಉಪಕಾರಿ, ಮನೆಗೆ ಮಾರಿ ಕಣೇ ನೀನು" ಎಂದಳು ಅಮ್ಮ. ಎಂದಿನಂತೆ ನಗಲಿಲ್ಲ.

ಫಾರಂನಲ್ಲಿ ಇನ್ನೊಂದು ಪ್ರಶ್ನೆಯಿದೆ: ಅಧ್ಯಯನದಲ್ಲಿ ಪಾಲ್ಗೊಂಡವರಿಗೆ ತೊಂದರೆಯಾಯಿತೇ? "ಇಲ್ಲ ಅಂತ ಹಾಕ್ರಿ, ಎಲ್ರೂ ಹಾಕೋದು ಅದನ್ನೇ" ಎಂದರು ನಮ್ಮ ಮುಖ್ಯಸ್ಥರು. ಮೂರು ದಿನ ಪೆನ್ನು ಹಿಡಿದು, ಇಟ್ಟು, ಕಾರಿಡಾರಿನಲ್ಲಿ ಓಡಾಡಿ ಇವತ್ತು "ಹೌದು" ಎಂದು ಬರೆದೆ. ಶುಕ್ರವಾರ ಒಪ್ಪಿಸುತ್ತೇನೆ. ವರದಿಯನ್ನು ವಾಪಸು ತೆಗೆಸಬಹುದು, ನನ್ನನ್ನೂ ಕೆಲಸದಿಂದ ಕಳಿಸಬಹುದು. ಆಗಲಿ. ಆದರೂ ನಿನ್ನ ಚಿಲಕ ತಿರುಗಿ ಬರುವುದಿಲ್ಲವಲ್ಲ ಪುಟ್ಟಿ, ಅದಕ್ಕೆ ಏನು ಮಾಡಲಿ?

ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ
ಅಕ್ಕ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಪಾಲ್ಗೊಂಡವರ ಒಪ್ಪಿಗೆ ಇತ್ತೇ ಎಂದೂ ಫಾರಂನಲ್ಲಿ ಕೇಳಿದ್ದಾರೆ. ನಿನ್ನ ಸಹಿಯಿರುವ ಹಾಳೆ ನನ್ನ ಹತ್ತಿರ ಇದೆ. ಆದರೆ ಬಚ್ಚಲಿನ ಮಾತು ಶುರುಮಾಡುವ ಮುಂಚೆ ನೀನು, "ಅಕ್ಕಾ, ರೆಕಾರ್ಡರ್ ಆಫ್ ಮಾಡು, ಇದು ನಿನಗೆ ಮಾತ್ರ" ಅಂದಿದ್ದೆ. ನಾನು ಆಫ್ ಮಾಡಿದೆ. ನೀನು ಅತ್ತೆಗೆ ಔಷಧಿ ಕೊಡಲು ಒಳಗೆ ಹೋದಾಗ ಒಂದಕ್ಷರ ಬಿಡದೆ ಬರೆದುಕೊಂಡೆ.